ಗ್ರಿಮ್‌ಶಾ ಕಂಪನಿಯಲ್ಲಿ ಯಾರನ್ನೂ ಹೊಗಳುವುದಿಲ್ಲ

ರಾಕ್‌ಡೇಲ್, ಲ್ಯಾಂಕಷೈರ್
11 ಅಕ್ಟೋಬರ್ 1943

ಎಲವೋ ಡೆನ್ಜಿಲ್!

ನಿನ್ನ ಪತ್ರ ಬಂತು. ಅರ್ಧ ಬಳಿದ ಬಣ್ಣದ ಮುಖದಲ್ಲೇ ಕನ್ನಡಿಯ ಮುಂದೆ ನಿಂತು ಓದಿದೆ. ಓದಿ ನಕ್ಕೆ. ನಾಯಕಿಯ ಲಂಗದೊಳಗೆ ತನ್ನ ಸೊಂಟವನ್ನು ತುರುಕಿಕೊಳ್ಳುತ್ತಿದ್ದ ನಮ್ಮ ಮಿಸ್ ಎಂಟ್‌ವಿಸಲ್ ಪಕ್ಕದ ಕೋಣೆಯಿಂದ ಗೋಡೆ ಗುದ್ದಿದಳು. "ಧಣೀ, ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲ ಕಣಮ್ಮಾ! ನನ್ನ ಮಗನಿಗೆ ಕೊನೆಗೂ ಒಂದು ಪಾತ್ರ ಸಿಕ್ಕಿದೆ!"

ಯಾವ ಪಾತ್ರವಯ್ಯಾ? ಬಾಂಬು ವಿಮಾನದ ಬಾಲದ ತುದಿ. ಗಾಜಿನ ಗೂಡು. ನಾಲ್ಕು ಬಂದೂಕು. ಮಿಕ್ಕವರೆಲ್ಲ ಹೋಗುವ ದಿಕ್ಕಿಗೆ ಮುಖ ಮಾಡಿ ಕೂತರೆ, ನನ್ನ ಕುಲಪುತ್ರ ಮಾತ್ರ ಹಿಂದುಮುಂದಾಗಿ, ಕತ್ತೆಯ ಮೇಲೆ ತಿರುಗಿಸಿ ಕೂರಿಸಿದ ಕಳ್ಳನಂತೆ! ಹುಟ್ಟಿದಾಗಿನಿಂದ ಈ ಕಂಪನಿಯಲ್ಲಿ ಬೆಳೆದೆ. ರಂಗಕ್ಕೆ ಬೆನ್ನು ಹಾಕಬೇಡವೋ ಎಂದು ನಾನು ಗಂಟಲು ಹರಿದುಕೊಂಡದ್ದೆಲ್ಲ ಯಾವ ಚರಂಡಿಗೆ ಹೋಯಿತು? ಲೋಕದ ಅತಿ ದೊಡ್ಡ ನಾಟಕ ನಡೆಯುತ್ತಿರುವಾಗ, ಬೆನ್ನು ಹಾಕಿ ಕೂರುವ ಒಂದೇ ಒಂದು ಪಾತ್ರವನ್ನು ಹುಡುಕಿ ಹುಡುಕಿ ಹಿಡಿದಿದ್ದೀಯ. ಭಲೇ!

ನಿನ್ನನ್ನು ಆರಿಸಿದ ಆ ಮೀಸೆಯ ಅಧಿಕಾರಿಗೆ ಕಣ್ಣಿದೆಯೇ? ಬರ್ನ್‌ಲಿಯಲ್ಲಿ ನೀನು ಕಾವಲುಭಟನಾಗಿ ಬಂದು, ನಿನ್ನ ಈಟಿಯನ್ನೇ ನೀನು ಎಡವಿ, ಇಡೀ ಅರಮನೆಯನ್ನು ಮಹಾರಾಣಿಯ ತಲೆಯ ಮೇಲೆ ಕೆಡವಿದ್ದು ಅವನಿಗೆ ಗೊತ್ತೇ? ಆ ಗಾಜಿನ ಗೂಡಾದರೂ ಗಟ್ಟಿಯಾಗಿದೆಯೋ, ನಮ್ಮ ಅರಮನೆಯಂತೆ ಗೋಣಿತಟ್ಟೋ? ವಿಚಾರಿಸಿ ಬರೆ. ನನಗೇನೂ ಆತಂಕವಿಲ್ಲ, ಕುತೂಹಲ ಅಷ್ಟೇ.

ಬಣ್ಣದ ಕೋಣೆಯಲ್ಲಿ ನೀನು ವೇಷ ತೂಗುಹಾಕುತ್ತಿದ್ದ ಗೂಟ ಖಾಲಿ ಇದೆ. ಕಾವಲುಭಟನ ಆ ತಗಡಿನ ಟೋಪಿ ತೊಡುವಷ್ಟು ದಡ್ಡ ಇನ್ನೊಬ್ಬ ಸಿಕ್ಕಿಲ್ಲ.

ನಿನ್ನನ್ನು ಪಡೆದ ದುರದೃಷ್ಟಶಾಲಿ,
ಆಂಬ್ರೋಸ್ ಗ್ರಿಮ್‌ಶಾ


ಲಿಂಕನ್‌ಷೈರ್
3 ನವೆಂಬರ್ 1943

ಅಪ್ಪಾ,

ನಿಮ್ಮ ಪತ್ರ ನನ್ನ ಕೈಯಲ್ಲಿ ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ಪೈಲಟ್ ಲೈಲ್ ಲಾರ್ಸನ್ ಅದನ್ನು ಕಿತ್ತುಕೊಂಡು, ಮಂಚದ ಮೇಲೆ ಹತ್ತಿ, ಇಡೀ ತಂಡಕ್ಕೆ ಓದಿ ಹೇಳಿದ. ಕೆನಡಾದವನು, ಗೋಧಿ ಬೆಳೆಯುವವರ ಮನೆಯ ಹುಡುಗ. ಓದುತ್ತ ಓದುತ್ತ ಅವನ ಮುಖ ಸಣ್ಣಗಾಯಿತು.

"ಲೋ ಡೆನ್ಜಿ, ನಿಮ್ಮಪ್ಪಂಗೆ ನಿನ್ನ ಕಂಡ್ರೆ ಅಷ್ಟೊಂದು ಸಿಟ್ಟಾ?"

"ಸಿಟ್ಟಲ್ಲ ಕಣೋ. ನಾಟಕದೋರು ರಂಗಕ್ಕೆ ಹೋಗೋನಿಗೆ ಒಳ್ಳೇದಾಗ್ಲಿ ಅನ್ನಲ್ಲ. ಅಂದ್ರೆ ಕೇಡು. ನಮ್ಮಪ್ಪ ಪರದೆ ಪಕ್ಕ ನಿಂತು ಒಬ್ಬೊಬ್ರಿಗೂ ಬೈದೇ ಒಳಗೆ ಕಳಿಸೋದು. ಬೈತಿದಾರೆ ಅಂದ್ರೆ ಕೆಲ್ಸ ಗಟ್ಟಿ."

"ಹೊಗಳಿದ್ರೆ?"

ಆಗ ಅವರಿಗೆ ಕ್ಲೆಗ್ ಕಥೆ ಹೇಳಿದೆ. ಓಲ್ಡಮ್‌ನಲ್ಲಿ ನಮ್ಮ ಖಳನಾಯಕ ಪರ್ಸಿವಲ್ ಕ್ಲೆಗ್ ಎರಡನೇ ಅಂಕದ ಮಾತೆಲ್ಲ ಮರೆತು ಬೆವರುತ್ತ ನಿಂತಿದ್ದ ಆ ರಾತ್ರಿಯದು. ಮರುದಿನ ನೀವು ಅವನ ಕೋಣೆಗೆ ಹೋಗಿ, ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ಕ್ಲೆಗ್, ನೀವು ಬಹಳ ಚೆನ್ನಾಗಿ ಮಾಡಿದಿರಿ" ಅಂದಿರಲ್ಲ? ಅವನು ಅಂಟಿಸಿಕೊಂಡಿದ್ದ ಗಡ್ಡ ಕಿತ್ತಿಟ್ಟು ಪೆಟ್ಟಿಗೆ ಕಟ್ಟಿದ. ಗ್ರಿಮ್‌ಶಾ ಕಂಪನಿಯಲ್ಲಿ ಹೊಗಳಿಸಿಕೊಂಡವನಿಗೆ ಮರುದಿನ ಪಾತ್ರವಿಲ್ಲ ಎಂದು ಹೇಳಿ ಮುಗಿಸಿದೆ. ಲಾರ್ಸನ್ ತಲೆ ಕೆರೆದುಕೊಂಡ.

"ಹಂಗಾದ್ರೆ ನಂಗೂ ನಾಕು ಬೈಗುಳ ಕಳಿಸೋಕೆ ಹೇಳು ಮಾರಾಯ. ನಮ್ಮಪ್ಪ ಪ್ರತಿ ಸಲ 'ದೇವರು ಕಾಪಾಡಲಿ' ಅಂತ ಬರೀತಾನೆ. ಓದಿದಾಗೆಲ್ಲ ಎದೆ ಝಲ್ ಅಂತದೆ."

ಆದ್ದರಿಂದ ಬೈಯಿರಿ ಅಪ್ಪಾ. ಇಲ್ಲಿ ಎಲ್ಲರಿಗೂ ಇಂಥದೇನೋ ಒಂದು ಬೇಕು. ಒಬ್ಬ ಮೊಲದ ಕಾಲು ಇಟ್ಟುಕೊಂಡಿದ್ದಾನೆ, ಹತ್ತುವ ಮುಂಚೆ ಎಲ್ಲರೂ ವಿಮಾನದ ಹಿಂಚಕ್ರಕ್ಕೆ ಉಚ್ಚೆ ಹೊಯ್ಯುತ್ತೇವೆ. ನಿಮ್ಮ ಪತ್ರ ಅದಕ್ಕಿಂತ ಒಂದು ಗುಲಗಂಜಿ ಮೇಲು ಎನ್ನುತ್ತಾರೆ.

ಗೂಡು ಗಟ್ಟಿಯಾಗಿದೆ. ಚಳಿ ಸ್ವಲ್ಪ ಜಾಸ್ತಿ. ದೃಶ್ಯ ಚೆನ್ನಾಗಿದೆ. ಹಾರುವ ದಿನ ನಿಜವಾದ ಮೊಟ್ಟೆ ಕೊಡುತ್ತಾರೆ.

ಡೆನ್ಜಿಲ್


ಬರ್ನ್‌ಲಿ
9 ಡಿಸೆಂಬರ್ 1943

ಎಲೈ ಮೊಟ್ಟೆಬಾಕ!

ನಿಜವಾದ ಮೊಟ್ಟೆಯಂತೆ! ಇಲ್ಲಿ ನಮ್ಮ ಮನೆಯೊಡತಿ ಡಬ್ಬಿಯ ಮೊಟ್ಟೆಪುಡಿಯನ್ನು ನೀರಲ್ಲಿ ಕಲಸಿ, ಸುಟ್ಟು, ಅದನ್ನು ಆಮ್ಲೆಟ್ಟು ಎಂದು ಕರೆಯುವ ಧೈರ್ಯ ಮಾಡುತ್ತಾಳೆ. ಮೊನ್ನೆ ಅದರಿಂದ ನನ್ನ ಬೂಟಿನ ಅಟ್ಟೆ ಅಂಟಿಸಿದೆ, ಗಟ್ಟಿಯಾಗಿ ನಿಂತಿದೆ. ಸರ್ಕಾರ ನಿಮಗೆ ಮೊಟ್ಟೆ ಸುಮ್ಮನೆ ಕೊಡುತ್ತದೆಂದುಕೊಂಡೆಯಾ? ಬಲಿಯ ಕುರಿಗೂ ಹಾರ ಹಾಕುತ್ತಾರೆ. ತಿನ್ನು, ಆದರೆ ಕೃತಜ್ಞತೆ ಬೇಡ.

ಈಗ ನಿನ್ನ ಪಟಾಲಮ್ಮಿಗೆ. ಎದ್ದು ನಿಂತು ಕೇಳಲಿ!

ಲೈಲ್ ಲಾರ್ಸನ್ ಎಂಬ ಗೋಧಿ ಮೂಟೆಯೇ! ನೇಗಿಲು ಹಿಡಿಯಲು ಬಾರದವನನ್ನು ವಿಮಾನ ಹಿಡಿಯಲು ಕಳಿಸಿದ ನಿನ್ನ ಊರಿನವರ ಜಾಣತನಕ್ಕೆ ನಮಸ್ಕಾರ. ನೀನು ಇಳಿಸುವ ರೀತಿಗೆ ನೆಲಕ್ಕೇ ನೋವಾಗುತ್ತದಂತೆ! ಮೊಲದ ಕಾಲು ಇಟ್ಟುಕೊಂಡ ಮಹಾಶಯನೇ, ನಾಲ್ಕು ಕಾಲಿದ್ದರೂ ಆ ಮೊಲಕ್ಕೆ ಒದಗದ ಭಾಗ್ಯ ಒಂದು ಕಾಲಿನಿಂದ ನಿನಗೆ ಒದಗುತ್ತದೆಯೇ? ಮಿಕ್ಕವರ ಹೆಸರು ನನಗೆ ತಿಳಿಯದು. ತಿಳಿಯುವಷ್ಟು ದೊಡ್ಡವರೂ ಅಲ್ಲ. ಎಲ್ಲರೂ ನನ್ನ ಗ್ಯಾಲರಿಯಲ್ಲಿ ಕಡಲೆ ತಿನ್ನಲು ಸಹ ಅಯೋಗ್ಯರು. ತೊಲಗಿ ರಂಗಕ್ಕೆ!

ಇನ್ನು ನೀನು. "ದೃಶ್ಯ ಚೆನ್ನಾಗಿದೆ" ಎಂದು ಬರೆದೆ. ಮೂರು ತಲೆಮಾರು ನಾಟಕದಲ್ಲಿ ಬಾಳಿದ ಮನೆತನದವನು ಆಕಾಶದ ನಟ್ಟನಡುವೆ ಕೂತು ಬರೆಯುವ ವರ್ಣನೆ ಇಷ್ಟೇನಾ? ಸುಂಕದ ಕಟ್ಟೆಯ ಗುಮಾಸ್ತ ಇದಕ್ಕಿಂತ ರಸವತ್ತಾಗಿ ಬರೆಯುತ್ತಾನೆ. ಏನು ಕಂಡೆ? ಬಣ್ಣ ಯಾವುದು? ಬೆಳಕು ಎಲ್ಲಿಂದ?

ಸಿನಿಮಾ ಎಂಬ ಆ ನೆರಳಾಟದ ಕೊಟ್ಟಿಗೆಗೆ ನಾನು ಕಾಲಿಡುವವನಲ್ಲ, ನಿನಗೆ ಗೊತ್ತು. ಮೊನ್ನೆ ಮಳೆ ಬಂತೆಂದು ಒಳಗೆ ಹೋದೆ. ಯುದ್ಧವಾರ್ತೆಯಲ್ಲಿ ವಿಮಾನಗಳ ಬಾಲ ತೋರಿಸಿದರು. ಗೂಡಿನೊಳಗಿನ ಮುಖ ಕಾಣಲಿಲ್ಲ. ಕೆಟ್ಟ ಬೆಳಕು. ಈ ವಾರ ಬಹಳ ಸಲ ಮಳೆ ಬಂತು.

ಆಂಬ್ರೋಸ್ ಗ್ರಿಮ್‌ಶಾ


ಲಿಂಕನ್‌ಷೈರ್
23 ಜನವರಿ 1944

ಅಪ್ಪಾ,

ಬರೆಯಲು ತಡವಾಯಿತು. ಕೈ ಹಿಡಿತಕ್ಕೆ ಬರುತ್ತಿಲ್ಲ, ಚಳಿಯಿಂದ ಇರಬೇಕು. ಅಕ್ಷರ ಕೆಟ್ಟದ್ದಕ್ಕೆ ಬೈಯಬೇಡಿ. ಅಥವಾ ಬೈಯಿರಿ.

ಏನು ಕಂಡೆ ಎಂದು ಕೇಳಿದಿರಿ. ನೀವು ಹೇಳಿದ್ದು ತಪ್ಪು ಅಪ್ಪಾ. ರಂಗಕ್ಕೆ ಬೆನ್ನು ಹಾಕಿ ಕೂತವನು ನಾನಲ್ಲ. ಬಾಂಬು ಬೀಳಿಸಿ ವಿಮಾನ ಮನೆಯ ಕಡೆ ತಿರುಗಿದ ಮೇಲೆ ಮಿಕ್ಕವರೆಲ್ಲ ಕತ್ತಲ ಕಡೆ ಮುಖ ಮಾಡುತ್ತಾರೆ. ಲಾರ್ಸನ್ ಹಾಡು ಗುನುಗುತ್ತಾನೆ. ನಾನೊಬ್ಬ ಮಾತ್ರ ಆ ಊರಿನ ಎದುರು ಕೂತಿರುತ್ತೇನೆ. ಕಣ್ಣು ಮುಚ್ಚುವಂತಿಲ್ಲ, ಹಿಂದಿನಿಂದ ಬರುವ ಶತ್ರು ವಿಮಾನ ನೋಡುವುದೇ ನನ್ನ ಕೆಲಸ. ಆದ್ದರಿಂದ ನೋಡುತ್ತೇನೆ. ಮೊದಲು ಬೀದಿಗಳು ಕಾಣುತ್ತವೆ, ಯಾರೋ ಚಿನ್ನದ ದಾರದಲ್ಲಿ ಹೊಲಿದ ಹಾಗೆ. ಆಮೇಲೆ ಬೀದಿ ಕಾಣುವುದಿಲ್ಲ, ಕೆಂಪು ಮಾತ್ರ. ಬೆಳಕು ಎಲ್ಲಿಂದ ಎಂದಿರಿ. ಕೆಳಗಿನಿಂದ ಅಪ್ಪಾ. ನೀವು ರಂಗದ ಅಂಚಿನಲ್ಲಿ ದೀಪ ಸಾಲಿಟ್ಟು ಖಳನ ಮುಖ ಬೆಳಗಿಸುತ್ತಿದ್ದಿರಲ್ಲ, ಹಾಗೆ. ಗಾಜಿನಲ್ಲಿ ಆಗ ನನ್ನ ಮುಖವೇ ಕಾಣುತ್ತದೆ.

ಇನ್ನೊಂದು ಮಾತು. ಬೇರೆ ತಂಡದಲ್ಲಿ, ನನ್ನಂತೆಯೇ ಬಾಲದ ಬಂದೂಕು ಹಿಡಿದು ಕೂರುವ ಗಾರ್ಬಟ್ ಎಂಬ ಗನ್ನರ್ ಇದ್ದ. ಮೊನ್ನೆ ವಿಮಾನದ ಏಣಿಯವರೆಗೂ ಹೋಗಿ, "ನನ್ ಕೈಲಿ ಆಗಲ್ಲ ಸಾರ್" ಅಂದುಬಿಟ್ಟ. ಮರುದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಮ್ಮೆದುರೇ ಅವನ ತೋಳಿನ ದರ್ಜೆಪಟ್ಟಿ ಕಿತ್ತುಹಾಕಿದರು. ಹೇಡಿ ಎಂದು ಅವನ ಕಾಗದದಲ್ಲಿ ಬರೆದು ಎಲ್ಲಿಗೋ ಸಾಗಿಸಿದರು. ಅವನ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ.

ಸುಮ್ಮನೆ ಕೇಳುತ್ತೇನೆ. ನಾಟಕದ ನಡುವೆ ಇಳಿದುಹೋದ ಅಂಥ ನಟ ನಿಮ್ಮ ಬಾಗಿಲಿಗೆ ಬಂದರೆ ಏನು ಮಾಡುತ್ತೀರಿ?

ಡೆನ್ಜಿಲ್


ಓಲ್ಡಮ್
29 ಜನವರಿ 1944

ಪ್ರೀತಿಯ ಡೆನ್ಜಿಲ್,

ನಿನ್ನ ಪತ್ರವನ್ನು ಹಲವು ಸಲ ಓದಿದೆ.

ನೀನು ಬಹಳ ಚೆನ್ನಾಗಿ ಮಾಡಿದ್ದೀಯ ಮಗು. ಇದಕ್ಕಿಂತ ಹೆಚ್ಚನ್ನು ಯಾರೂ ಯಾರಿಂದಲೂ ಕೇಳಬಾರದು. ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ. ಸಾಕು ಅನಿಸಿದರೆ ಸಾಕು ಎಂದು ಹೇಳಿ ಬಂದುಬಿಡು. ಅವರು ಏನು ಬೇಕಾದರೂ ಕಿತ್ತುಕೊಳ್ಳಲಿ, ಏನು ಬೇಕಾದರೂ ಬರೆದುಕೊಳ್ಳಲಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ನಿನ್ನ ಪೆಟ್ಟಿಗೆ ನಾನೇ ಹೊರುತ್ತೇನೆ.

ನಿನ್ನ ತಂದೆ


ಲಿಂಕನ್‌ಷೈರ್
12 ಫೆಬ್ರವರಿ 1944

ಅಪ್ಪಾ,

ನಿಮ್ಮ ಪತ್ರವನ್ನು ಈ ಸಲ ತಂಡಕ್ಕೆ ಓದಲಿಲ್ಲ. ಲಾರ್ಸನ್ ಕೇಳಿದ: "ಏನೋ, ಮುದುಕ ಏನಂತಾನೆ? ನಂಗೇನೂ ಬೈದಿಲ್ವಾ?" ಪತ್ರ ಬಂದೇ ಇಲ್ಲ ಎಂದೆ.

ಅರ್ಥವಾಯಿತು. ನಾನು ಕೇಳಿದ್ದು ಗಾರ್ಬಟ್ ವಿಷಯ. ನೀವು ಉತ್ತರ ಬರೆದದ್ದು ನನಗೆ. ನೀವು ನನ್ನನ್ನು ಅವನ ಪಕ್ಕದಲ್ಲಿ ನಿಲ್ಲಿಸಿ ನೋಡಿದಿರಿ. ನೋಡಿ, ಎರಡೂ ಕೈಯಿಂದ ನನ್ನ ಕೈ ಹಿಡಿದಿರಿ. "ಬಹಳ ಚೆನ್ನಾಗಿ ಮಾಡಿದ್ದೀಯ." ಆ ಮಾತು ನೀವು ಆಡಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಅದೂ ಓಲ್ಡಮ್‌ನಲ್ಲೇ. ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕ್ಲೆಗ್ ಗಡ್ಡ ಕಿತ್ತಿಡುವಾಗ ಅವನ ಕೆನ್ನೆಯ ಚರ್ಮ ಸಹ ಕಿತ್ತು ಬಂದಿತ್ತು.

ನಾನು ಕ್ಲೆಗ್ ಅಲ್ಲ ಅಪ್ಪಾ. ನನ್ನ ಮಾತು ನನಗೆ ನೆನಪಿದೆ. ಏಣಿ ಹತ್ತುವಾಗ ಕಾಲು ನಡುಗುತ್ತದೆ, ನಿಜ, ಆದರೂ ಹತ್ತುತ್ತೇನೆ. ಈ ವಾರವೇ ಹತ್ತುತ್ತೇನೆ. ಮುಗಿಸಿ ಬಂದ ದಿನ ನಿಮ್ಮ ಮುಂದೆ ನಿಲ್ಲುತ್ತೇನೆ, ಆಗ ನೀವು ಮೊದಲಿನ ಹಾಗೆ ಬೈಯಬೇಕು. ಅಲ್ಲಿಯವರೆಗೆ ಗೂಟ ಬೇರೆಯವರಿಗೆ ಕೊಟ್ಟರೂ ನನ್ನದೇನೂ ಆಕ್ಷೇಪವಿಲ್ಲ.

ಡೆನ್ಜಿಲ್


ಓಲ್ಡಮ್
14 ಫೆಬ್ರವರಿ 1944
ತುರ್ತು

ಎಲವೋ ಎಲವೋ ಮತಿಗೇಡಿ! ಅಡ್ಡಕಸುಬಿ! ಕತ್ತೆಗಳ ಕುಲದಲ್ಲೂ ಸೇರಿಸಿಕೊಳ್ಳದ ಕತ್ತೆಯೇ!

ಹೊಗಳಿ ಕೆಲಸ ಬಿಡಿಸಲು ನೀನು ಯಾವ ದೊಡ್ಡ ನಟನೋ? ಕ್ಲೆಗ್ ಮಾತು ಮರೆತ, ನಿಜ; ಮರೆಯಲು ಅವನಿಗೆ ಮಾತುಗಳಾದರೂ ಇದ್ದವು! ನಿನಗೆ ಇಪ್ಪತ್ತು ವರ್ಷದಲ್ಲಿ ಕೊಟ್ಟದ್ದು ಒಂದೇ ಸಾಲು, "ಪ್ರಭೂ, ಸೈನ್ಯ ಬಂದಿದೆ". ಅದನ್ನು ಪ್ರೆಸ್ಟನ್‌ನಲ್ಲಿ ಸೈನ್ಯ ಬಂದು, ಗೆದ್ದು, ಊಟಕ್ಕೆ ಕೂತ ಮೇಲೆ ಹೇಳಿದೆ! ನಿನ್ನನ್ನು ಹೊಗಳಿದೆನಂತೆ, ನಾನು! ಆ ಪತ್ರ ಬರೆದ ದಿನ ನನಗೆ ಜ್ವರ. ಮೊಟ್ಟೆಪುಡಿ ವಿಷವಾಗಿತ್ತು. ಬರೆದವನು ನಾನೇ ಅಲ್ಲ, ಮಿಸ್ ಎಂಟ್‌ವಿಸಲ್, ಅವಳನ್ನೂ ಬೈದಿದ್ದೇನೆ. ಅದನ್ನು ಹರಿ. ಸುಡು. ಹಿಂಚಕ್ರದ ಕೆಳಗೆ ಹಾಕಿ ನಿಮ್ಮ ಶಾಸ್ತ್ರ ಮುಗಿಸು.

ಕಿವಿಗೊಟ್ಟು ಕೇಳು. ನೀನು ಒಳ್ಳೆಯ ನಟನಲ್ಲ. ಒಳ್ಳೆಯ ಭಟನೂ ಅಲ್ಲ. ಈಟಿ ಹಿಡಿಯಲು ಬಾರದು, ನೇರ ನಿಲ್ಲಲು ಬಾರದು, ತಂದೆಯ ಪತ್ರ ಓದಲು ಸಹ ಬಾರದು. ಕಾಲು ನಡುಗಿದರೆ ಏಣಿ ಹತ್ತಬೇಡ. ಗಾರ್ಬಟ್ ನಿಮ್ಮೆಲ್ಲರಿಗಿಂತ ಬುದ್ಧಿವಂತ. ಅವನನ್ನು ಹೇಡಿ ಎಂದವರು ಎಂದಾದರೂ ಆ ಬಾಲದ ಗೂಡಲ್ಲಿ ಕೂತು ನೋಡಿದ್ದಾರೆಯೇ? ಬೆಚ್ಚಗೆ ನಕ್ಷೆ ಮುಂದೆ ಕೂತು ಕೋಲಿನಿಂದ ಊರು ತೋರಿಸುವ ವೀರರು! ಅವನು ಇಲ್ಲಿಗೆ ಬರಲಿ, ಪರದೆ ಎಳೆಯುವ ಕೆಲಸ ಕೊಡುತ್ತೇನೆ. ನೀನು ಬಾ, ಆ ಕೆಲಸವೂ ಇಲ್ಲ, ನೆಲ ಗುಡಿಸು.

ಈ ಕಂಪನಿಯಿಂದ ನಿನ್ನನ್ನು ತೆಗೆದಿಲ್ಲ. ತೆಗೆಯುವುದೂ ಇಲ್ಲ. ಸಾಯುವವರೆಗೆ ಬೈಸಿಕೊಳ್ಳುತ್ತ ಬಿದ್ದಿರು.

ಹತ್ತಬೇಡ, ಮುಟ್ಠಾಳ. ಹತ್ತಬೇಡ.

ಆಂಬ್ರೋಸ್ ಗ್ರಿಮ್‌ಶಾ


ಲಿಂಕನ್‌ಷೈರ್
21 ಫೆಬ್ರವರಿ 1944

ಗ್ರಿಮ್‌ಶಾ ಅವರಿಗೆ,

ನಾನು ಲೈಲ್ ಲಾರ್ಸನ್, ಗೋಧಿ ಮೂಟೆ. ನಿಮಗೆ ತಂತಿ ತಲುಪಿರುತ್ತದೆ. ನಮ್ಮ ಕಮಾಂಡರ್ ಕೂಡ ಬರೆದಿರುತ್ತಾರೆ. ಅದರಲ್ಲಿ ಹೊಗಳಿಕೆ ಇರುತ್ತದೆ. ಅವರನ್ನು ಕ್ಷಮಿಸಿ, ನಿಮ್ಮ ಕಂಪನಿಯ ಪದ್ಧತಿ ಅವರಿಗೆ ತಿಳಿಯದು.

ನಾನು ಸರಿಯಾಗಿ ಬರೆಯಲು ನೋಡುತ್ತೇನೆ. ನಿಮ್ಮ ಮಗ ಯಾವ ಕೆಲಸಕ್ಕೂ ಬಾರದವನು. ಅವನು ಮಾಡಿದ ಚಹಾ ಕುಡಿದರೆ ಹಗೆಗೂ ಹೊಟ್ಟೆ ಕೆಡುತ್ತಿತ್ತು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ಅದೂ ಎಲ್ಲರಿಗೂ ಕಾಣುವ ಹಾಗೆ. ವಿಮಾನದ ಏಣಿಯನ್ನು ದಿನಾ ಎಡವುತ್ತಿದ್ದ.

ಹದಿನೈದನೇ ತಾರೀಕು ಹಿಂತಿರುಗುವಾಗ, ಊರು ಇನ್ನೂ ಹಿಂದೆ ಉರಿಯುತ್ತಿತ್ತು. ನಾನು ಹಾಡುತ್ತಿದ್ದೆ. ಕಿವಿಯಲ್ಲಿ ಅವನ ಕೂಗು ಕೇಳಿತು: "ಎಡಕ್ಕೆ ತಿರುಗ್ಸೋ! ಎಡಕ್ಕೆ, ಗೋಧಿ ಮೂಟೆ!" ನಿಮ್ಮ ಪತ್ರಕ್ಕೇ ಗಂಟಲು ಬಂದ ಹಾಗಿತ್ತು. ಯೋಚಿಸದೆ ತಿರುಗಿಸಿದೆ. ನಮ್ಮ ಮೈಮೇಲೆ ಬರಬೇಕಾಗಿದ್ದ ಗುಂಡಿನ ಸಾಲು ಪಕ್ಕಕ್ಕೆ ಹೋಯಿತು. ಬಾಲಕ್ಕೆ ಮಾತ್ರ ತಾಗಿತು. ಅವನ ಬಂದೂಕು ಇನ್ನೊಂದು ಗಳಿಗೆ ಹೊಡೆಯಿತು, ಆಮೇಲೆ ಇಲ್ಲ. ಆರು ಜನ ಇಳಿದೆವು. ಅವನನ್ನು ಎತ್ತಿ ಇಳಿಸಿದೆವು.

ನಿಮ್ಮ ಕೊನೆಯ ಪತ್ರ ಮರುದಿನ ಬೆಳಗ್ಗೆ ಬಂತು. ತಡವಾಯಿತು. ಸತ್ತವರ ಸಾಮಾನು ಕಟ್ಟುವವರು ಬಾಗಿಲಲ್ಲಿ ನಿಂತಿದ್ದರು. ಸ್ವಲ್ಪ ತಾಳಿ ಎಂದು ಅವರನ್ನು ಹೊರಗೆ ನಿಲ್ಲಿಸಿ, ನಾವು ಆರೂ ಜನ ಅವನ ಮಂಚದ ಸುತ್ತ ನಿಂತು, ಅದನ್ನು ಜೋರಾಗಿ ಓದಿದೆವು. ಮೊದಲಿನಿಂದ ಕೊನೆಯವರೆಗೆ. ತಲೆದಿಂಬಿನ ಕೆಳಗೆ ಅದಕ್ಕೆ ಮುಂಚಿನದೂ ಸಿಕ್ಕಿತು. ಅದನ್ನು ನೀವು ಹೇಳಿದ ಹಾಗೆಯೇ ಮಾಡಿದೆವು: ಸುಟ್ಟೆವು.

ನಮ್ಮ ಪಾಲಿನ ಹಾರಾಟ ಇನ್ನೂ ಮುಗಿದಿಲ್ಲ. ಬಾಲಕ್ಕೆ ಹೊಸ ಹುಡುಗ ಬಂದಿದ್ದಾನೆ. ಮಾತೇ ಆಡುವುದಿಲ್ಲ.

ಲೈಲ್ ಲಾರ್ಸನ್


ಬ್ಲ್ಯಾಕ್‌ಬರ್ನ್
26 ಫೆಬ್ರವರಿ 1944

ಎಲವೋ ಗೋಧಿ ಮೂಟೆ!

ನಿನ್ನ ಪತ್ರ ಓದಿದೆ. ಇಷ್ಟು ಕೆಟ್ಟ ಬೈಗುಳವನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಚಹಾ, ಇಸ್ಪೀಟು, ಏಣಿ! ಬೈಗುಳವೆಂದರೆ ಗ್ಯಾಲರಿಯ ಕೊನೇ ಬೆಂಚು ನಡುಗಬೇಕು. ನಿನ್ನದಕ್ಕೆ ನನ್ನ ಕನ್ನಡಕದ ಗಾಜಷ್ಟೇ ನಡುಗಿತು. ಕಲಿಯಬೇಕಾದ್ದು ಬಹಳಷ್ಟಿದೆ.

ನಿನ್ನ ಕಮಾಂಡರನ ಪತ್ರವೂ ಬಂತು. ಅಚ್ಚುಕಟ್ಟಾದ ಅಕ್ಷರ. "ಅತ್ಯುತ್ತಮ", "ಆದರ್ಶ", "ಎಲ್ಲರ ಮೆಚ್ಚಿನ". ಕ್ಲೆಗ್ ಕೂಡ ಇಷ್ಟು ಹೊಗಳಿಸಿಕೊಂಡಿರಲಿಲ್ಲ. ಎಷ್ಟು ಜನ ತಂದೆಯರಿಗೆ ಇದೇ ಮಾತು ನಕಲು ಮಾಡಿ ಕಳಿಸಿದನೋ ಆ ಹಿತ್ತಾಳೆ ಗುಂಡಿಯ ಕೋಟಿನ ಬೊಂಬೆ! ಅದರ ಬೆನ್ನ ಮೇಲೇ ಹೀಗೆ ಬರೆದು ಹಿಂತಿರುಗಿಸಿದೆ: "ಸ್ವಾಮಿ, ಡೆನ್ಜಿಲ್ ಗ್ರಿಮ್‌ಶಾ ನನ್ನ ಕಂಪನಿಯ ನಟ. ಅವನನ್ನು ತೆಗೆಯುವ ಅಧಿಕಾರ ನನ್ನೊಬ್ಬನದು. ನಾನು ತೆಗೆದಿಲ್ಲ. ನಿಮ್ಮ ಹೊಗಳಿಕೆ ನೀವೇ ಇಟ್ಟುಕೊಳ್ಳಿ."

ನಿನ್ನೆ ಮಿಸ್ ಎಂಟ್‌ವಿಸಲ್ ಮೆಲ್ಲಗೆ ಬಂದು ಕೇಳಿದಳು. "ಧಣೀ, ಆ ಗೂಟ ಖಾಲಿ ಅಲ್ವಾ? ಛತ್ರಿ ತೂಗಾಕ್ಲಾ?"

"ಖಾಲಿ ಅಂತ ಯಾವಳು ಹೇಳಿದ್ದು?" ಎಂದು ಕೂಗಿದೆ. ಅವಳು ಅತ್ತಳು. ಆಮೇಲೆ ನಾಯಕಿಯ ಪಾತ್ರವನ್ನು ಎಂದಿಗಿಂತ ಕೆಟ್ಟದಾಗಿ ಮಾಡಿದಳು. ನಾನು ಅವಳಿಗಿಂತ ಕೆಟ್ಟದಾಗಿ ಮಾಡಿದೆ.

ಈಗ ನಿನ್ನ ವಿಷಯ. ಹೊಸ ಹುಡುಗ ಮಾತಾಡುವುದಿಲ್ಲವಂತೆ! ಮಾತಾಡದವನನ್ನು ಬಾಲದಲ್ಲಿ ಕೂರಿಸಿಕೊಂಡು ಹೋಗುವ ಮೊದ್ದು ಪೈಲಟ್ಟು ನೀನು. ಅವನ ಹೆಸರು ಬರೆದು ಕಳಿಸು, ಅವನ ವಂಶವನ್ನೆಲ್ಲ ಜಾಲಾಡುತ್ತೇನೆ. ಬಾಯಿ ತಾನಾಗಿ ಬಿಡುತ್ತಾನೆ. ಮನೆ ಕಡೆ ತಿರುಗಿದ ಮೇಲೆ ಹಾಡಬೇಡ. ನಿನ್ನ ಗಂಟಲಿಗೆ ಹಾಡು ಅವಮಾನ. ಹಿಂದೆ ಕೂತವನು ಏನು ನೋಡುತ್ತಿದ್ದಾನೆಂದು ಒಮ್ಮೆಯಾದರೂ ಕೇಳು, ದರಿದ್ರದವನೇ.

ವಾರಕ್ಕೊಂದು ಪತ್ರ ಬರುತ್ತದೆ. ನಿಮ್ಮ ಹಾರಾಟ ಮುಗಿಯುವವರೆಗೆ ಆರೂ ಜನಕ್ಕೆ, ಆ ಮೂಗನಿಗೂ ಸೇರಿಸಿ. ಒಂದೊಂದನ್ನೂ ಎದ್ದು ನಿಂತು ಓದತಕ್ಕದ್ದು. ಯಾವುದಾದರೂ ಪತ್ರ ಓದುವ ಹೊತ್ತಿಗೆ ನೀನು ಅಲ್ಲಿ ಇರದಿದ್ದರೆ, ಲಾರ್ಸನ್, ನಿನ್ನ ಗೋಧಿ ಹೊಲದವರೆಗೂ ಬಂದು, ನಿನ್ನ ಅಪ್ಪನೆದುರು, ಊರ ಜನರೆದುರು, ನಾನೇ ನಿನ್ನನ್ನು ಹೊಗಳುತ್ತೇನೆ.

ಎಚ್ಚರ!

ಆಂಬ್ರೋಸ್ ಗ್ರಿಮ್‌ಶಾ